ವೀಣೆ, ಸರ್ಕ್ಯೂಟು, ಕಥೆ, ಜೂನಿಯರ್‌ಗಳು: ಇದರಲ್ಲಿ ಯಾವುದನ್ನು ಬಿಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮೈಸೂರಿನವಳು, ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಐದನೇ ಸೆಮಿಸ್ಟರ್. ಎಂಟನೇ ವಯಸ್ಸಿನಿಂದ ವೀಣೆ ಕಲಿಯುತ್ತಿದ್ದೇನೆ. ಸೀನಿಯರ್ ಪರೀಕ್ಷೆ ಮುಗಿದಿದೆ, ಈ ವರ್ಷವೇ ವಿದ್ವತ್ ಕಟ್ಟು ಅಂತ ಗುರುಗಳು ಹೇಳುತ್ತಿದ್ದಾರೆ. ಕಥೆ ಬರೆಯುತ್ತೇನೆ, ಎರಡು ಪ್ರಕಟವಾಗಿವೆ, ಜೊತೆಗೆ ಕಳಿಸಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದ ಹನ್ನೊಂದು ಮಂದಿ ಜೂನಿಯರ್‌ಗಳಿಗೆ ಭಾನುವಾರ ಬೆಳಿಗ್ಗೆ ಗಣಿತ ಹೇಳಿಕೊಡುತ್ತೇನೆ. ಮೊನ್ನೆ ಫೋರಿಯರ್ ಸೀರೀಸ್ ಹೇಳುವಾಗ ನಾನೇ ತಡವರಿಸಿದೆ. ಕಳೆದ ಸೆಮಿಸ್ಟರ್‌ನ ಸರಾಸರಿ ಅಂಕ, ಎಸ್‌ಜಿಪಿಎ, 8.3ರಿಂದ 7.4ಕ್ಕೆ ಇಳಿದಿದೆ. ಕೈ ಬಿಗಿಯಾಗಿದೆ ಅಂತ ಗುರುಗಳಿಗೂ ಬೇಸರ. ದಿನಕ್ಕೆ ಒಂದೂವರೆ ಗಂಟೆಯಂತೆ ನಾಲ್ಕಕ್ಕೂ ಸಮನಾಗಿ ಹಂಚಿ ಟೈಮ್‌ಟೇಬಲ್ ಮಾಡಿದೆ, ಎರಡು ವಾರವೂ ನಡೆಯಲಿಲ್ಲ. ಅಪ್ಪ ಹೇಳುತ್ತಾರೆ: "ಎರಡು ದೋಣಿ ಮೇಲೆ ಕಾಲಿಟ್ಟವರೇ ಮುಳುಗುತ್ತಾರೆ, ನೀನು ನಾಲ್ಕರ ಮೇಲೆ ನಿಂತಿದ್ದೀಯ ಮಗಳೇ." ಯಾವುದನ್ನು ಬಿಡಲಿ ಮೇಡಂ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಅಪ್ಪನ ಮಾತು ಮನಸ್ಸಿನಲ್ಲಿ ಉಳಿಯಿತು. ಎರಡನೇ ಸಲ ಟೈಮ್‌ಟೇಬಲ್ಲಿನ ಸಾಲು ಕಣ್ಣಿಗೆ ಬಿತ್ತು, ತೊಂದರೆ ಇರುವುದು ಅಲ್ಲೇ ಅನ್ನಿಸಿತು. ನಾಲ್ಕು ಮಕ್ಕಳಿಗೆ ನಾಲ್ಕು ಹೋಳು ಹೋಳಿಗೆ ಕೊಟ್ಟ ಹಾಗೆ ಹೊತ್ತನ್ನು ಹಂಚಿದ್ದೀರಿ. ಆದರೆ ಈ ನಾಲ್ವರ ಹಸಿವು ಒಂದೇ ಥರದ್ದಲ್ಲ. ಇಪ್ಪತ್ತಾರು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದ್ದೇನೆ, ನಿಮ್ಮಂಥ ಹುಡುಗ ಹುಡುಗಿಯರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಸೋತವರು ಆಸಕ್ತಿ ಹೆಚ್ಚಾಗಿ ಸೋತದ್ದು ಅಪರೂಪ. ಯಾವುದಕ್ಕೆ ಎಂಥ ಹೊತ್ತು ಬೇಕು ಅನ್ನುವುದು ಗೊತ್ತಾಗದೆ ಸೋತವರೇ ಹೆಚ್ಚು.

ವೀಣೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲಿ ನನಗೊಂದು ಹಳೆಯ ನೋವಿದೆ. ನಾನು ಹತ್ತು ವರ್ಷ ಪಿಟೀಲು ಕಲಿತವಳು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಎಂ.ಟೆಕ್ ಮುಗಿಯಲಿ, ಮತ್ತೆ ಹಿಡಿಯೋಣ ಅಂತ ಪೆಟ್ಟಿಗೆಯಲ್ಲಿಟ್ಟೆ. ಮತ್ತೆ ತೆಗೆದದ್ದು ಒಂಬತ್ತು ವರ್ಷದ ಮೇಲೆ. ಕೀರ್ತನೆಗಳೆಲ್ಲ ನೆನಪಿದ್ದವು, ತಲೆಯೊಳಗೆ ಸ್ವರ ಸರಿಯಾಗಿಯೇ ಕೇಳುತ್ತಿತ್ತು. ಬೆರಳ ತುದಿಯ ಗಟ್ಟಿ ಚರ್ಮ ಮಾತ್ರ ಹೋಗಿತ್ತು. ಬಿಲ್ಲು ಹಿಡಿದ ಮಣಿಕಟ್ಟಿಗೆ ಏನೂ ನೆನಪಿರಲಿಲ್ಲ. ಅಷ್ಟರಲ್ಲಿ ಕಲಿಸಿದ ಗುರುಗಳೂ ತೀರಿಕೊಂಡಿದ್ದರು. ಸಂಗೀತ ಬರೀ ತಲೆಯಲ್ಲಿ ಇರುವುದಿಲ್ಲ ಅನ್ನುವುದನ್ನು ನಾನು ಹಾಗೆ ಕಲಿತೆ. ಅದು ಕೈಯಲ್ಲಿ ಇರುತ್ತದೆ, ಕೈಗೆ ದಿನಾ ಅನ್ನ ಹಾಕಬೇಕು. ಭಾನುವಾರ ಒಂದೇ ದಿನ ಐದು ಗಂಟೆ ನುಡಿಸುವವರಿಗಿಂತ ದಿನಾ ನಲವತ್ತು ನಿಮಿಷ ಕೂರುವವರ ಕೈ ಮೆತ್ತಗಿರುತ್ತದೆ. ನಿಮ್ಮ ಗುರುಗಳು ಹೇಳಿದ ಬಿಗಿ ಇದೇ ಇರಬೇಕು. ಒಂದೂವರೆ ಗಂಟೆ ಸಿಗಲಿಲ್ಲ ಅಂತ ಎಷ್ಟು ದಿನ ವೀಣೆಯನ್ನು ಮುಟ್ಟದೇ ಬಿಟ್ಟಿರಿ, ಲೆಕ್ಕ ಹಾಕಿ ನೋಡಿ.

ಆದ್ದರಿಂದ ಬೆಳಿಗ್ಗೆ ನಲವತ್ತು ನಿಮಿಷ. ಸರಳೆ, ಜಂಟಿ, ಒಂದು ವರ್ಣ ಎರಡು ಕಾಲದಲ್ಲಿ. ಹೊಸ ಪಾಠ ವಾರಕ್ಕೊಂದು ದಿನ ಸಾಕು. ವಿದ್ವತ್ ಪರೀಕ್ಷೆಯನ್ನು ಎಂಟನೇ ಸೆಮಿಸ್ಟರ್ ಮುಗಿಯುವವರೆಗೆ ಮುಂದೂಡಿ. ಇದನ್ನು ಗುರುಗಳ ಮನೆಗೆ ಹೋಗಿ, ಎದುರು ಕೂತು ಹೇಳಿ. ಫೋನಿನಲ್ಲಿ ಹೇಳಬೇಡಿ. ಪರೀಕ್ಷೆ ಮುಂದಕ್ಕೆ ಹೋದರೂ ಸಾಧನೆ ನಿಲ್ಲುವುದಿಲ್ಲ ಅಂತ ಅವರಿಗೆ ಖಾತ್ರಿಯಾದರೆ ಸಾಕು, ಅವರ ಬೇಸರ ಕರಗುತ್ತದೆ.

ಇಂಜಿನಿಯರಿಂಗ್‌ನ ಹಸಿವು ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ದಿನಾ ಚೂರುಚೂರು ಕೊಟ್ಟರೆ ಏನೂ ಹುಟ್ಟುವುದಿಲ್ಲ. ಒಂದು ಸರ್ಕ್ಯೂಟನ್ನು ಬ್ರೆಡ್‌ಬೋರ್ಡ್ ಮೇಲೆ ಕೂರಿಸಿ, ಔಟ್‌ಪುಟ್ ಬರದೆ, ಒಂದೊಂದೇ ವೈರ್ ತಡಕಿ, ತಪ್ಪು ಗ್ರೌಂಡ್‌ನಲ್ಲಿದೆ ಅಂತ ಗೊತ್ತಾಗುವ ಹೊತ್ತಿಗೆ ಎರಡೂವರೆ ಗಂಟೆ ಆಗಿರುತ್ತದೆ. ಒಂದೂವರೆ ಗಂಟೆಗೆ ಎದ್ದು ಹೋಗುವವಳು ಪ್ರತಿ ಸಲ ತಪ್ಪು ಸಿಗುವ ಮುಂಚೆಯೇ ಎದ್ದು ಹೋಗುತ್ತಾಳೆ. ವಾರದಲ್ಲಿ ಎರಡು ಸಂಜೆ, ಶನಿವಾರ ಮಧ್ಯಾಹ್ನ, ಹೀಗೆ ಮೂರು ಉದ್ದದ ಹೊತ್ತು ಇದಕ್ಕೇ ಮೀಸಲಿಡಿ. ಆ ಹೊತ್ತಿನಲ್ಲಿ ಕಥೆಯೂ ಇಲ್ಲ, ಜೂನಿಯರ್‌ಗಳ ಮೆಸೇಜೂ ಇಲ್ಲ. ಇಂಟರ್ನಲ್ಸ್ ಇರುವ ವಾರ ಉಳಿದದ್ದೆಲ್ಲ ಹಿಂದೆ ಸರಿಯಲಿ, ವೀಣೆಯ ನಲವತ್ತು ನಿಮಿಷ ಒಂದನ್ನು ಬಿಟ್ಟು.

ಅಪ್ಪನ ಪರವಾಗಿಯೂ ಒಂದು ಮಾತು. 7.4 ಕೆಟ್ಟ ಅಂಕವಲ್ಲ, ಇಳಿಯುತ್ತಿರುವ ಅಂಕ. ಕ್ಯಾಂಪಸ್‌ಗೆ ಬರುವ ಕಂಪನಿಗಳು ಒಂದು ಗೆರೆ ಎಳೆಯುತ್ತವೆ, ಗೆರೆಯ ಕೆಳಗಿದ್ದವರ ವೀಣೆಯನ್ನು ಯಾರೂ ಕೇಳುವುದಿಲ್ಲ. ಮುಂದೆ ಎಂ.ಎಸ್., ಎಂ.ಟೆಕ್ ಅಂದರೂ ಮೊದಲು ನೋಡುವುದು ಆ ಹಾಳೆಯನ್ನೇ. ಅಪ್ಪನ ಭಯಕ್ಕೆ ಕಾರಣವಿದೆ. ಈ ಎರಡು ಸೆಮಿಸ್ಟರ್‌ನಲ್ಲಿ ಅಂಕ ಮತ್ತೆ 8ರ ಮೇಲೆ ಬಂದರೆ ದೋಣಿಯ ಮಾತು ಮನೆಯಲ್ಲಿ ತಾನಾಗಿಯೇ ನಿಲ್ಲುತ್ತದೆ.

ಈ ಎರಡು ಬಗೆಯ ಹೊತ್ತನ್ನು ಹೊಂದಿಸಿಕೊಂಡವರಲ್ಲಿ ನನಗೆ ಮೊದಲು ನೆನಪಾಗುವುದು ಸಿ.ವಿ. ರಾಮನ್. 1907ರಲ್ಲಿ ಅವರು ಕೋಲ್ಕತ್ತಾದಲ್ಲಿ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿ. ಹಗಲೆಲ್ಲ ಲೆಕ್ಕಪತ್ರ. ಬೆಳಗಿನ ಜಾವ ಮತ್ತು ಸಂಜೆ ಬೌಬಜಾರ್ ರಸ್ತೆಯಲ್ಲಿದ್ದ ವಿಜ್ಞಾನ ಸಂಘದ ಪ್ರಯೋಗಾಲಯ. ಹತ್ತು ವರ್ಷ ಹೀಗೆ ನಡೆದ ಮೇಲೆ, 1917ರಲ್ಲಿ ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗಾಗಿ ಆ ದೊಡ್ಡ ಕೆಲಸ ಬಿಟ್ಟರು. ಬೆಂಗಳೂರಿಗೆ ಬಂದದ್ದು ಆಮೇಲೆ, 1933ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ. ಅವರ ಹೆಸರಿನ ಜೊತೆ ಬೆಳಕಿನ ಚದುರುವಿಕೆ ಅಂಟಿಕೊಂಡಿದೆ, ಸರಿಯೇ. ಆದರೆ ಅದಕ್ಕಿಂತ ಮುಂಚೆ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ಸಂಗೀತ ವಾದ್ಯಗಳ ಮೇಲೆ. 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ನೇಚರ್ ಪತ್ರಿಕೆಯಲ್ಲಿ ಮೃದಂಗ, ತಬಲಗಳ ಬಗ್ಗೆ ಬರೆದರು. ಬರೀ ಚರ್ಮ ಬಿಗಿದ ಡೋಲಿನಲ್ಲಿ ಮೇಲಿನ ಸ್ವರಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಅದು ಶ್ರುತಿಗೆ ನಿಲ್ಲದೆ ಬರೀ ಸದ್ದಾಗುತ್ತದೆ. ನಮ್ಮ ಮೃದಂಗದ ನಡುವಿನ ಕಪ್ಪು ಕರಣೆಯ ಭಾರ ಅವನ್ನು ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಎಂಬ ಸಾಲಿಗೆ ತಂದು ನಿಲ್ಲಿಸುತ್ತದೆ. ಕರಣೆ ಹಾಕುವವರು ಕಿವಿಯಿಂದ ಕಂಡುಕೊಂಡಿದ್ದನ್ನು ರಾಮನ್ ಗಣಿತದಲ್ಲಿ ತೋರಿಸಿದರು. ಅವರ ಪತ್ನಿ ಲೋಕಸುಂದರಿ ವೀಣೆ ನುಡಿಸುತ್ತಿದ್ದರು ಅನ್ನುವುದನ್ನು ನಿಮಗಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ವೀಣೆಯ ಮೇಲೆ ರಾಮನ್ ಮಾಡಿದ ಕೆಲಸದ ಮಾತನ್ನು ಕೊನೆಗಿಟ್ಟುಕೊಂಡಿದ್ದೇನೆ.

ನಿಮ್ಮ ಎಂಟನೇ ಸೆಮಿಸ್ಟರ್‌ವರೆಗಿನ ಪ್ರಾಜೆಕ್ಟ್ ವಿಷಯವನ್ನು ಈಗಲೇ ಹುಡುಕಿಕೊಳ್ಳಿ, ಅದು ವೀಣೆಯಲ್ಲೇ ಇದೆ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಸಾರಣಿ, ಅಂದರೆ ಸ್ವರ ನುಡಿಸುವ ಮೊದಲ ತಂತಿಯ ಷಡ್ಜ 165 ಹರ್ಟ್ಜ್ ಅಂದುಕೊಳ್ಳಿ. ತಂಬೂರಿಗೆ ಕೂಡಿ ನಿಲ್ಲುವ ಅಂತರ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ 206.25. ಕೀಬೋರ್ಡಿನ ಗಾಂಧಾರ ಸುಮಾರು 207.9. ವ್ಯತ್ಯಾಸ ಒಂದೂವರೆ ಹರ್ಟ್ಜ್‌ಗಿಂತ ತುಸು ಹೆಚ್ಚು. ನಿಮ್ಮ ಕಿವಿಗೆ ಇದು ತಕ್ಷಣ ಗೊತ್ತಾಗುತ್ತದೆ, ಕೀಬೋರ್ಡಿನದು ಏರಿದೆ ಅನ್ನುತ್ತೀರಿ. ಈಗ ಇದನ್ನೇ ಕಂಪ್ಯೂಟರಿಗೆ ಕೇಳಿ. ಸದ್ದನ್ನು ಅಳೆದ ಸೆಕೆಂಡಿಗೆ 44,100 ಸ್ಯಾಂಪಲ್, 4,096 ಪಾಯಿಂಟಿನ ಎಫ್‌ಎಫ್‌ಟಿ, ಅಂದರೆ ಅಷ್ಟು ಸ್ಯಾಂಪಲ್ ತೆಗೆದುಕೊಂಡು ಅದರಲ್ಲಿ ಯಾವ ಯಾವ ಕಂಪನಗಳಿವೆ ಅಂತ ಬಿಡಿಸುವ ಲೆಕ್ಕ. ಆ ಲೆಕ್ಕ ಕಂಪನಗಳನ್ನು ಮನೆಗಳಾಗಿ ಹಂಚುತ್ತದೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹತ್ತೂ ಮುಕ್ಕಾಲು ಹರ್ಟ್ಜ್ ಅಂತರ. ಎರಡು ಗಾಂಧಾರಗಳೂ ಒಂದೇ ಮನೆಯಲ್ಲಿ ಹುದುಗಿಹೋಗುತ್ತವೆ. ಸರಿ, ಪಾಯಿಂಟುಗಳನ್ನು 32,768ಕ್ಕೆ ಏರಿಸಿದಿರಿ ಅನ್ನಿ. ಮನೆಗಳ ಅಂತರ 1.35 ಹರ್ಟ್ಜ್‌ಗೆ ಇಳಿಯಿತು, ಎರಡು ಗಾಂಧಾರ ಬೇರೆ ಬೇರೆಯಾಗಿ ಕಾಣಬಹುದು. ಆದರೆ ಈಗ ನಿಮ್ಮ ಕಿಟಕಿ, ಅಂದರೆ ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ಸದ್ದಿನ ತುಂಡು, ಮುಕ್ಕಾಲು ಸೆಕೆಂಡು ಉದ್ದವಾಯಿತು. ಮುಕ್ಕಾಲು ಸೆಕೆಂಡಿನಲ್ಲಿ ತೋಡಿ ರಾಗದ ಗಾಂಧಾರ ಎಷ್ಟು ಸಲ ಅಲುಗುತ್ತದೆ? ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ಕೊಡುವ ನಿಮಗೆ ಗೊತ್ತು. ಆ ಓಡಾಟವೆಲ್ಲ ಕಿಟಕಿಯೊಳಗೆ ಕಲಸಿ ಮೇಲೋಗರವಾಗುತ್ತದೆ.

ಕಾಲ ಹಿಡಿದರೆ ಸ್ವರ ಜಾರುತ್ತದೆ, ಸ್ವರ ಹಿಡಿದರೆ ಕಾಲ. ಡಿಎಸ್‌ಪಿ, ಅಂದರೆ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ತರಗತಿಯಲ್ಲಿ ಇದನ್ನು ಎಲ್ಲರೂ ಪರೀಕ್ಷೆಗಾಗಿ ಬರೆಯುತ್ತಾರೆ. ಇದು ನಿಜವಾದ ತೊಂದರೆ ಅಂತ ಕೈಯಲ್ಲಿ ಬಲ್ಲವರು ನಿಮ್ಮ ತರಗತಿಯಲ್ಲಿ ನೀವೊಬ್ಬರೇ ಇರಬಹುದು. ಇದಕ್ಕೆ ದಾರಿಗಳಿವೆ. ಸದ್ದನ್ನು ಸ್ವಲ್ಪ ಸರಿಸಿ ಅದಕ್ಕೇ ಹೋಲಿಸಿ ನೋಡುವ ಆಟೋಕೋರಿಲೇಷನ್ ಇದೆ. ಮೂಲ ಸ್ವರದ ಬದಲು ಎಂಟನೇ ಹಾರ್ಮೋನಿಕ್, ಅಂದರೆ ಅದರ ಎಂಟು ಪಟ್ಟಿನ ಕಂಪನ ನೋಡಿದರೆ ವ್ಯತ್ಯಾಸವೂ ಎಂಟು ಪಟ್ಟು, ಅಂದರೆ ಹದಿಮೂರು ಹರ್ಟ್ಜ್ ಆಗುತ್ತದೆ. ಯಾವ ದಾರಿ ಗಮಕಕ್ಕೆ ಒಗ್ಗುತ್ತದೆ ಅಂತ ಅಳೆದು ತೋರಿಸಿದರೂ ಒಳ್ಳೆಯ ಪ್ರಾಜೆಕ್ಟ್ ಆದೀತು. ಬಾರ್ಸಿಲೋನಾದ ಪಾಂಪೆ ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಜೇವಿಯರ್ ಸೆರ್ರಾ ಅವರ ನೇತೃತ್ವದಲ್ಲಿ 2011ರಿಂದ ಕೆಲವು ವರ್ಷ ನಡೆದ ಕಾಂಪ್‌ಮ್ಯೂಸಿಕ್ ಯೋಜನೆಯಲ್ಲಿ ಕರ್ನಾಟಕ ಸಂಗೀತ, ಹಿಂದುಸ್ತಾನಿ, ಟರ್ಕಿಯ ಮಕಾಮ್ ಎಲ್ಲವನ್ನೂ ಹೀಗೆ ಅಳೆದು ನೋಡಿದ್ದಾರೆ. ಐಐಟಿ ಮದ್ರಾಸಿನವರೂ ಅದರಲ್ಲಿದ್ದರು. ಅವರ ಬರಹಗಳನ್ನು ಓದಿ, ಅಲ್ಲಿಂದ ಮುಂದಕ್ಕೆ ಒಂದು ಸಣ್ಣ ಹೆಜ್ಜೆ ಇಟ್ಟರೆ ಸಾಕು. ಬೆಂಗಳೂರಿನ ರೇಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿಯನ್ನು ನೀವು ಮುಟ್ಟಿಯೇ ಇರುತ್ತೀರಿ. ಅದನ್ನು ಕಟ್ಟಿದ ಜಿ. ರಾಜ್ ನಾರಾಯಣ್ ಎಚ್‌ಎಎಲ್‌ನಲ್ಲಿದ್ದ ಇಂಜಿನಿಯರ್, ಜೊತೆಗೆ ಕೊಳಲು ವಾದಕರು. ತಂಬೂರಿ ಹೊತ್ತು ತಿರುಗುವ ಕಷ್ಟ ಕೊಳಲಿನವರಿಗೆ ಗೊತ್ತಿತ್ತು, ಒಂದೇ ಸಮ ಸ್ವರ ಹೊರಡಿಸುವ ಆಸಿಲೇಟರ್ ಸರ್ಕ್ಯೂಟು ಕಟ್ಟುವುದು ಇಂಜಿನಿಯರಿಗೆ ಗೊತ್ತಿತ್ತು. ಇವರಿಬ್ಬರೂ ಒಬ್ಬರೇ ಆಗಿದ್ದರು. ಹಾಗಾಗಿ ಇವತ್ತು ಎಷ್ಟೋ ಮನೆಗಳಲ್ಲಿ ಬೆಳಗಿನ ಅಭ್ಯಾಸ ಆ ಪೆಟ್ಟಿಗೆಯ ಶ್ರುತಿಯಿಂದ ಶುರುವಾಗುತ್ತದೆ.

ಇನ್ನು ಭಾನುವಾರದ ಪಾಠ. ನಿಮಗೆ ಕಠಿಣ ಅನ್ನಿಸಬಹುದಾದ ಮಾತು ಹೇಳಬೇಕಾಗಿರುವುದು ಇಲ್ಲೇ: ಹನ್ನೊಂದು ಮಂದಿ ಹೆಚ್ಚಾಯಿತು.

ಉಳಿದ ಮೂರಕ್ಕೆ ನೀವು ಕೊಡುವುದು ನಿಮ್ಮ ಹೊತ್ತು. ಇದೊಂದರಲ್ಲಿ ಬೇರೆಯವರ ಹೊತ್ತು ನಿಮ್ಮ ಕೈಯಲ್ಲಿರುತ್ತದೆ. ವೀಣೆಗೆ ಒಂದು ದಿನ ತಪ್ಪಿಸಿದರೆ ವೀಣೆ ಮುನಿಸಿಕೊಳ್ಳುವುದಿಲ್ಲ. ಹಳ್ಳಿಯಿಂದ ಬಂದು, ಇಂಗ್ಲಿಷ್ ಪುಸ್ತಕದ ಮುಂದೆ ಮೂರು ತಿಂಗಳಿಂದ ಬಾಯಿ ಮುಚ್ಚಿ ಕೂತಿರುವ ಹುಡುಗ ಧೈರ್ಯ ಮಾಡಿ ಭಾನುವಾರ ಬಂದಾಗ ನೀವು ಇಲ್ಲದೇ ಹೋದರೆ, ತನಗೆ ಇದು ಆಗುವುದಿಲ್ಲ ಅಂತ ಅವನು ತೀರ್ಮಾನ ಮಾಡಿಬಿಡುತ್ತಾನೆ. ನಾನು ಪಾಠ ಶುರು ಮಾಡಿದ ವರ್ಷಗಳಲ್ಲಿ ಹದಿನಾಲ್ಕು ಮಂದಿಗೆ ಸಂಜೆ ಪಾಠ ಹೇಳುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಎರಡು ಸಲ, ಪೇಪರ್ ತಿದ್ದುವ ಕೆಲಸವಿದೆ ಅಂತ ಕೊನೆಯ ಗಳಿಗೆಯಲ್ಲಿ ಬೇಡ ಅಂದೆ. ಚಾಮರಾಜನಗರದ ಕಡೆಯ ಹುಡುಗನೊಬ್ಬ ಮೂರನೇ ವಾರ ಬರಲಿಲ್ಲ. ಹದಿಮೂರು ಮಂದಿ ಇದ್ದರಲ್ಲ, ನಾನು ಹುಡುಕಲೂ ಇಲ್ಲ. ಸೆಮಿಸ್ಟರ್ ಕೊನೆಗೆ ಅವನು ಊರಿಗೆ ಹೋದನಂತೆ. ಈಗಲೂ ಅವನ ಮುಖ ನೆನಪಿದೆ.

ನಾಲ್ಕು ಮಂದಿ ಇಟ್ಟುಕೊಳ್ಳಿ. ತೀರಾ ಹಿಂದುಳಿದ ನಾಲ್ವರನ್ನು. ಉಳಿದ ಏಳು ಜನರಿಗೆ ನಿಮ್ಮದೇ ತರಗತಿಯ ಇನ್ನಿಬ್ಬರನ್ನು ಹೊಂದಿಸಿ, ಕೇಳಿದರೆ ಖಂಡಿತ ಬರುತ್ತಾರೆ. ಭಾನುವಾರ ಹತ್ತರಿಂದ ಹನ್ನೆರಡು ಅಂದರೆ ಹನ್ನೆರಡಕ್ಕೆ ಮುಗಿಸಿ, ಆದರೆ ಯಾವ ಕಾರಣಕ್ಕೂ ತಪ್ಪಿಸಬೇಡಿ. ನಿಮ್ಮ ಕಾಲೇಜು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯದಾದರೆ ಪದವಿಗೆ 100 ಆಕ್ಟಿವಿಟಿ ಪಾಯಿಂಟ್ ಬೇಕಲ್ಲ, ಈ ಪಾಠವನ್ನು ಅದಕ್ಕೆ ಸೇರಿಸಬಹುದೇ ಅಂತ ಕೋಆರ್ಡಿನೇಟರ್ ಹತ್ತಿರ ಕೇಳಿ.

ವಿದ್ಯಾರ್ಥಿಗಳಿಗೆ ಹೊತ್ತು ಕೊಡುವುದು ಅಂದರೆ ಏನು ಅಂತ ಬೆಂಗಳೂರಿನ ನಮ್ಮ ತಲೆಮಾರಿಗೆ ತೋರಿಸಿಕೊಟ್ಟವರು ಎಚ್. ನರಸಿಂಹಯ್ಯನವರು. ಗೌರಿಬಿದನೂರಿನ ಹೊಸೂರಿನಿಂದ ಬಂದು, ಅಮೆರಿಕದ ಒಹಾಯೊದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ವಾಪಸ್ ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಹುಡುಗರ ಜೊತೆ ಬದುಕಿದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಸಂಗೀತ ನೃತ್ಯಗಳಿಗಾಗಿ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಅವರೇ ಕಟ್ಟಿದರು. ವಿಜ್ಞಾನದ ಉಪನ್ಯಾಸಕ್ಕೂ ಕಚೇರಿಗೂ ಅದೇ ಹುಡುಗರು ಬಂದು ಕೂರಬೇಕು ಅನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಆದರೆ ಅವರು ಇಡೀ ಬದುಕನ್ನೇ ಅದಕ್ಕೆ ಕೊಟ್ಟವರು. ನೀವು ಇನ್ನೂ ಇಪ್ಪತ್ತರ ಹುಡುಗಿ, ಎರಡು ಗಂಟೆ ಕೊಟ್ಟರೆ ಸಾಕು.

ಕಥೆಗಳನ್ನು ಓದಿದೆ. ಬೆಂಗಳೂರಿನ ಕೆಫೆಯಲ್ಲಿ ನಡೆಯುವ ಮೊದಲನೆಯದು ನನಗೆ ಹಿಡಿಸಲಿಲ್ಲ. ಅದರಲ್ಲಿರುವ ಮಂದಿಯನ್ನು ನೀವು ದೂರದಿಂದ ನೋಡಿದ್ದೀರಿ ಅಷ್ಟೇ. ಎರಡನೆಯದರಲ್ಲಿ ವೀಣೆಗೆ ಮೇಳ ಕಟ್ಟಲು ಬರುವ ಮುದುಕರು ಮೇಣ ಕಾಯಿಸಿ, ಇಪ್ಪತ್ನಾಲ್ಕು ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸುತ್ತ, ಹದಿನೇಳನೆಯದಕ್ಕೆ ಬಂದಾಗ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ ಅಂತ ಗೊತ್ತಾಗಿ ಸುಮ್ಮನೆ ಕೂರುತ್ತಾರಲ್ಲ, ಆ ಭಾಗ ಓದಿ ಪತ್ರಿಕೆ ಕೆಳಗಿಟ್ಟೆ. ಅದನ್ನು ವೀಣೆ ಕಲಿಯದವರು ಬರೆಯಲಾರರು. ನಿಮ್ಮ ಬರವಣಿಗೆ ವೀಣೆಯ ಪಕ್ಕದಿಂದ, ಲ್ಯಾಬಿನಿಂದ, ಭಾನುವಾರದ ಆ ಕೋಣೆಯಿಂದಲೇ ಬರುತ್ತಿದೆ. ಹಾಗಿರುವಾಗ ಅದಕ್ಕೆ ದಿನಾ ಗಂಟೆ ಗೊತ್ತುಮಾಡಿ ಕೂರುವ ಅಗತ್ಯ ಈಗಿಲ್ಲ. ಒಂದು ನೋಟ್‌ಬುಕ್ ಚೀಲದಲ್ಲಿರಲಿ, ಕಂಡದ್ದನ್ನು ಕೇಳಿದ್ದನ್ನು ಎರಡು ಸಾಲು ಗೀಚಿಡಿ. ಸೆಮಿಸ್ಟರ್ ರಜೆಯಲ್ಲಿ ಕಥೆ ಮಾಡಿ. ವರ್ಷಕ್ಕೆ ಎರಡಾದರೂ ಸಾಕು.

ಬಿ.ಜಿ.ಎಲ್. ಸ್ವಾಮಿಯವರನ್ನು ಓದಿದ್ದೀರಾ? ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳನ್ನು ಪಶ್ಚಿಮ ಘಟ್ಟದ ಕಾಡಿಗೆ ಕರೆದುಕೊಂಡು ಹೋದ ತಿರುಗಾಟಗಳೇ 'ಹಸುರು ಹೊನ್ನು' ಪುಸ್ತಕವಾದವು. ಚಿತ್ರಗಳನ್ನೂ ಅವರೇ ಬರೆದರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಪಾಠ ಎಲ್ಲಿ ಮುಗಿದು ಸಾಹಿತ್ಯ ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಎಳೆಯಲು ನನ್ನಿಂದ ಆಗಿಲ್ಲ. ನಿಮ್ಮ ಜೂನಿಯರ್‌ಗಳಿಗೆ ಬೇಕಾಗಿರುವುದೂ ಅಂಥ ಬರವಣಿಗೆಯೇ. ಡೆರಿವೇಟಿವ್ ಅಂದರೆ ಏನು ಅಂತ ನಂಜನಗೂಡಿನ ಬಸ್ಸಿನ ಸ್ಪೀಡೋಮೀಟರ್ ಹಿಡಿದು ಎರಡು ಪುಟ ಕನ್ನಡದಲ್ಲಿ ಬರೆದುಕೊಡಿ. ಪಾರಿಭಾಷಿಕ ಪದಕ್ಕೆ ತಡಕಾಡಬೇಡಿ, ಡೆರಿವೇಟಿವ್ ಅಂತಲೇ ಇರಲಿ, ಸುತ್ತಲಿನ ವಾಕ್ಯ ಕನ್ನಡದ್ದಾಗಿರಲಿ. ವಾರಕ್ಕೆ ಎರಡು ಪುಟ. ಆ ಎರಡು ಪುಟ ಬರೆಯುವಾಗ ನಿಮಗೇ ಅರ್ಥವಾಗದ ಜಾಗ ಯಾವುದು ಅಂತ ಗೊತ್ತಾಗುತ್ತದೆ, ಪರೀಕ್ಷೆಯ ಓದೂ ಅಲ್ಲೇ ಆಗುತ್ತದೆ.

ಫೋರಿಯರ್ ಸೀರೀಸ್ ಹೇಳುವಾಗ ತಡವರಿಸಿದೆ ಅಂದಿರಲ್ಲ, ಮುಂದಿನ ಭಾನುವಾರ ಆ ನಾಲ್ವರನ್ನು ಮನೆಗೇ ಕರೆಯಿರಿ. ಅಪ್ಪನೂ ಅಲ್ಲೇ ಇರಲಿ. ಸಾರಣಿ ತಂತಿಯನ್ನು ಖಾಲಿ ಬಿಟ್ಟು, ಸರಿಯಾಗಿ ಅದರ ನಡುವೆ, ಅಂದರೆ ಹನ್ನೆರಡನೇ ಮೆಟ್ಟಿಲ ಮೇಲೆ ಮೀಟಿ. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿಕೊಂಡಿರಿ. ಮೊದಲು ಬೋರ್ಡಿನ ಮೇಲೆ ಲೆಕ್ಕ ಮಾಡಿಸಿ: ನಡುವೆ ಎಳೆದು ಬಿಟ್ಟ ತಂತಿಯ ಆಕಾರ ತ್ರಿಕೋನ. ಅದನ್ನು ಸರಳ ಅಲೆಗಳ ಮೊತ್ತವಾಗಿ ಬರೆದ ಫೋರಿಯರ್ ಸೀರೀಸಿನಲ್ಲಿ ಎರಡನೆಯದು, ನಾಲ್ಕನೆಯದು, ಆರನೆಯದು ಸೊನ್ನೆ. ಸಮಸಂಖ್ಯೆಯ ಹಾರ್ಮೋನಿಕ್ ಒಂದೂ ಇರಕೂಡದು. ಲೆಕ್ಕ ಮುಗಿದ ಮೇಲೆ ಫೋನ್ ನೋಡಲು ಹೇಳಿ.

ವೀಣೆ ಆ ಲೆಕ್ಕವನ್ನು ಪಾಲಿಸುವುದಿಲ್ಲ. ಇರಬಾರದ ಹಾರ್ಮೋನಿಕ್‌ಗಳು ಎದ್ದು ನಿಲ್ಲುತ್ತವೆ. 1921ರಲ್ಲಿ ರಾಮನ್ ಬರೆದದ್ದು ಇದನ್ನೇ: ತಂಬೂರಿಯಲ್ಲೂ ವೀಣೆಯಲ್ಲೂ ಕುದುರೆಯ, ಅಂದರೆ ತಂತಿಯನ್ನು ಹೊರುವ ಸೇತುವೆಯ ಮೇಲ್ಮೈ ಬಾಗಿದೆ, ತಂತಿ ಅಲುಗಿದಾಗಲೆಲ್ಲ ಅದನ್ನು ಸವರುತ್ತ ಹೋಗುತ್ತದೆ, ಹಾಗಾಗಿ ಯುರೋಪಿನ ತಂತಿವಾದ್ಯಗಳಿಗೆ ಹೇಳಿದ ನಿಯಮ ಇಲ್ಲಿ ನಿಲ್ಲುವುದಿಲ್ಲ. ನಿಮ್ಮ ಕುದುರೆಯ ಮೇಲೆ ಎಷ್ಟು ಎತ್ತರದ ಹಾರ್ಮೋನಿಕ್‌ವರೆಗೆ ಕಾಣುತ್ತದೆ ಅಂತ ಆ ನಾಲ್ವರ ಕೈಯಲ್ಲೇ ಬರೆಸಿ, ನನಗೊಂದು ಪ್ರತಿ ಕಳಿಸಿ.